ಏಳನೆಯ ದಾರಿಯ ಹಸಿರು ಗೆರೆ

ಪಂಪಿನ ಹಿಡಿ ಒತ್ತುವಾಗಲೂ ಅವನು ಎಣಿಸುತ್ತಿದ್ದ. ಮೂವತ್ತೊಂದು, ಮೂವತ್ತೆರಡು. ಐದು ತಿಂಗಳಿನಿಂದ ಅಕ್ಕನ ಮನೆಯ ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ ಗೋಡೆಗೆ ಒರಗಿ ನಿಂತಿದ್ದ ಭಾವನ ಸೈಕಲ್ಲು ಒಲ್ಲದ ಮನಸ್ಸಿನಿಂದ ಗಾಳಿ ತೆಗೆದುಕೊಳ್ಳುತ್ತಿತ್ತು. ಎಣಿಸುವುದು ಅವನ ಕಸುಬು, ಈಗ ಚಟವೂ ಆಗಿತ್ತು. ಉದ್ಯಾನ ಇಲಾಖೆಯ ನಕ್ಷೆ ವಿಭಾಗದಲ್ಲಿ ಹದಿನಾರು ವರ್ಷ ಕೂತವನಿಗೆ ಮೆಟ್ಟಿಲು ಹತ್ತುವಾಗ ಮೆಟ್ಟಿಲನ್ನು, ಬಸ್ಸಿಗೆ ಕಾಯುವಾಗ ಬೇರೆ ಬಸ್ಸುಗಳನ್ನು ಎಣಿಸದೆ ಇರಲಾಗುತ್ತಿರಲಿಲ್ಲ. ಬಾಗಿಲಿಗೆ ಆತುಕೊಂಡು ನಿಂತಿದ್ದ ಅಕ್ಕ ಮಾತ್ರ ಚಿಕ್ಕಂದಿನಿಂದಲೂ ಅವನ ಎಣಿಕೆ ತಪ್ಪಿಸಲೆಂದೇ ಹುಟ್ಟಿದವಳು.

"ಅವರು ಕರೆದ್ರು ಅಂತ ನೀನೂ ರಜ ಹಾಕಿ ಬಂದ್ಯಲ್ಲೋ," ಅಂದಳು. "ಮೊನ್ನೆ ಬಾತ್‌ರೂಮಿನ ನಲ್ಲಿ ಬಿಟ್ಟು ಬಂದಿದ್ರು. ಅದರ ಹಿಂದಿನ ವಾರಾನೂ ಅಷ್ಟೇ. ನೀರು ಸುರೀತಾ ಇದೆ, ಇವರು ಇಲ್ಲಿ ಪೇಪರ್ ಓದ್ತಾ ಕೂತಿದಾರೆ. ಇಂಥವರನ್ನ ಸೈಕಲ್ ಹತ್ತಿಸ್ತೀಯಾ?"

"ನಾನು ಜೊತೇಲಿ ಇರ್ತೀನಲ್ಲ ಅಕ್ಕ."

"ಇರು. ಕಣ್ಣು ತೆಗೀಬೇಡ. ನಾಳೆ ಆ ಮರೆವಿನ ಡಾಕ್ಟರು ಎರಡನೇ ಪರೀಕ್ಷೆ ಮಾಡ್ತಾರಂತೆ. ಅದಾದ್ಮೇಲೆ ಏನು ಹೇಳ್ತಾರೋ ಏನೋ." ಅವಳು ದನಿ ತಗ್ಗಿಸಿದಳು. "ರಾತ್ರಿ ನಿದ್ದೇನೇ ಮಾಡಲ್ಲ ಕಣೋ ಅವರು. ಹೇಳಲ್ಲ, ನಂಗೆ ಗೊತ್ತಾಗುತ್ತೆ."

ಅವನು ಎಣಿಕೆ ಬಿಟ್ಟು ನೀರು ಕುಡಿಯಲು ಅಡುಗೆಮನೆಗೆ ಹೋದ. ಹೋದ ಸಲ ಬಂದಾಗ ಇರದಿದ್ದ ಚೀಟಿಗಳು ಅಲ್ಲಿ ಸಾಲಾಗಿ ಕಾದಿದ್ದವು. ಡಬ್ಬಿಗಳ ಮೇಲೆ ಸಕ್ಕರೆ, ಉಪ್ಪು, ಚಹಾಪುಡಿ. ಒಲೆಯ ಮೇಲಿನ ಗೋಡೆಗೆ ಕೆಂಪು ಶಾಯಿಯಲ್ಲಿ 'ಆರಿಸಿದ್ದೀರಾ?' ಎಂಬ ಪ್ರಶ್ನೆ. ಮೂವತ್ತೈದು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಭಾವ ಈ ಚೀಟಿಗಳಿಗೆ ಎದುರಾಡಿರಲಿಲ್ಲ. ಅಕ್ಕ ಬರೆದ 'ಸಕ್ಕರೆ'ಯ ಒತ್ತು ಒಂದು ಪಕ್ಕಕ್ಕೆ ವಾಲಿದ್ದನ್ನು ಮಾತ್ರ ಪೆನ್ಸಿಲಿನಿಂದ ತಿದ್ದಿ ನೆಟ್ಟಗೆ ನಿಲ್ಲಿಸಿದ್ದರು. ಲೋಟ ಹಿಡಿದು ಆ ತಿದ್ದುಪಡಿಯನ್ನು ನೋಡುತ್ತ ನಿಂತವನಿಗೆ ಜೇಬಿನಲ್ಲಿದ್ದ ಫೋನು ನೆನಪಾಯಿತು. ಬೆಳಿಗ್ಗೆ ಕಚೇರಿಯ ಮುಖ್ಯಸ್ಥೆ ಕಳಿಸಿದ ಸಂದೇಶ: ಪುಸ್ತಿಕೆಯ ಎರಡನೇ ಮುದ್ರಣ ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತದೆ, ತಿದ್ದುಪಡಿ ಇದ್ದರೆ ತಿಳಿಸಿ, ಇಲ್ಲದಿದ್ದರೆ ಇಲ್ಲ ಎಂದು ತಿಳಿಸಿ. ಇಲ್ಲ ಎಂದು ಎರಡಕ್ಷರ ಒತ್ತಿ, ಕಳಿಸದೆ, ಹಾಗೇ ಫೋನು ಮುಚ್ಚಿಟ್ಟಿದ್ದ.

ಪುಸ್ತಿಕೆ ಅವನದು. 'ವಾಹನವಿಲ್ಲದ ಹನ್ನೆರಡು ದಾರಿಗಳು' ಎಂದು ಅದರ ಹೆಸರು. ನಗರದ ಹೊರವಲಯದಲ್ಲಿ ಕಾಲುವೆ ಪಕ್ಕ, ಹಳೇ ರೈಲು ಹಳಿ ಕಿತ್ತ ಜಾಗ, ನೀರಿನ ಕೊಳವೆಯ ಮೇಲಿನ ದಿಬ್ಬ, ಹೀಗೆ ಡಾಂಬರಿಲ್ಲದ, ಜಲ್ಲಿ ಹಾಕಿದ ದಾರಿಗಳನ್ನು ಹುಡುಕಿ, ಒಂದಕ್ಕೊಂದು ಜೋಡಿಸಿ, ಸೈಕಲ್ಲಿನವರು ಕಾರು ಲಾರಿಯ ಭಯವಿಲ್ಲದೆ ಅರ್ಧ ದಿನ ಸುತ್ತಿ ಬರುವಂತೆ ಅವನು ಬರೆದ ನಕ್ಷೆಗಳು ಅದರಲ್ಲಿದ್ದವು. ವಾಹನ ಇಲ್ಲವೇ ಇಲ್ಲ ಎನ್ನುವ ದಾರಿಗೆ ಹಸಿರು ಗೆರೆ. ಹಸಿರು ಹಾಕಬೇಕಾದರೆ ಇಲಾಖೆಯ ನಿಯಮವಿತ್ತು: ಬೇರೆ ಬೇರೆ ಎರಡು ದಿನ, ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ದಾರಿಯ ಪಕ್ಕ ನಿಂತು ಹಾಯುವ ವಾಹನಗಳನ್ನು ಎಣಿಸಬೇಕು. ಅವನು ನಿಂತ. ಎಣಿಸಿದ. ತಂದ ಹಾಳೆಗಳಲ್ಲೆಲ್ಲ ಸೊನ್ನೆ ನೋಡಿ ನೋಡಿ ಸಹೋದ್ಯೋಗಿಗಳು ಅವನಿಗೇ ಸೊನ್ನೆ ಎಂದು ಹೆಸರಿಟ್ಟರು. ಅವನಿಗೆ ಬೇಸರವಾಗಲಿಲ್ಲ. ಬದುಕಿನಲ್ಲಿ ಮೊದಲ ಸಲ ತನ್ನ ಹೆಸರು ಅಚ್ಚಾದ ವಸ್ತುವೊಂದು ಅಂಗಡಿಯಲ್ಲಿ ಇತ್ತು, ಅದೂ ನಾಲ್ಕೇ ತಿಂಗಳಲ್ಲಿ ಖಾಲಿಯಾಯಿತು. ಆದರೆ ವಾರವಿಡೀ ನಕ್ಷೆ ಮೇಜಿನ ಮುಂದೆ ಕೂತಿರಬೇಕಾದವನು ದಾರಿ ಎಣಿಸಲು ಹೋಗುತ್ತಿದ್ದದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ಅವನೂ ಕೇಳಿಕೊಳ್ಳಲಿಲ್ಲ. ಬೇರೆ ಬೇರೆ ಎರಡು ದಿನ ಎಂದರೆ ಅವನಿಗೆ ಬೇರೆ ಬೇರೆ ಎರಡು ಭಾನುವಾರ. ಏಳನೆಯ ದಾರಿಯಲ್ಲಿ ಪಂಪ್‌ಹೌಸಿನ ಆಚೆಗಿನ ಎರಡೂವರೆ ಕಿಲೋಮೀಟರು ಕಲ್ಲುಗಣಿಯ ದಾರಿ ಭಾನುವಾರ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವನು ಅಲ್ಲಿ ಕೂತು ಕಿತ್ತಳೆ ಸುಲಿದು ತಿಂದಿದ್ದ. ಐದು ತಿಂಗಳ ಹಿಂದೆ ಒಂದು ಬುಧವಾರ ಭಾವ ಆ ಪುಸ್ತಿಕೆಯನ್ನು ಹಿಡಿದುಕೊಂಡು ಒಬ್ಬರೇ ಅಲ್ಲಿಗೆ ಹೋದರು.

"ಹೊರಡೋಣವೇನೋ, ನಕ್ಷೆಗಾರ?" ಭಾವ ಹೊರಗೆ ಬಂದಿದ್ದರು. ಪುಸ್ತಿಕೆ ಬಂದಂದಿನಿಂದ ಅವನನ್ನು ಅವರು ಕರೆಯುತ್ತಿದ್ದದ್ದು ಹಾಗೆಯೇ, ಆ ದಾರಿಯಲ್ಲಿ ಬಿದ್ದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಮುರಿದಿದ್ದ ಕಾಲರ್ ಬೋನು ಕೂಡಿಕೊಂಡಿತ್ತಾದರೂ ಎಡ ಹೆಗಲು ಬಲಕ್ಕಿಂತ ಒಂದು ಬೆರಳು ಕೆಳಗಿತ್ತು. ಅಕ್ಕ ಬಂದು ಅವರ ಅಂಗಿಯ ಜೇಬಿಗೆ ಮನೆಯ ವಿಳಾಸ, ತನ್ನ ಫೋನ್ ನಂಬರು ಬರೆದ ಕಾರ್ಡು ಹಾಕಿ, ಗುಂಡಿ ಹಾಕಿದಳು. ಭಾವ ಗಲ್ಲ ಎತ್ತಿ, ಗೋಡೆ ನೋಡುತ್ತ ನಿಂತರು. ಕೂದಲು ಕತ್ತರಿಸುವವನ ಮುಂದೆ ಕೂತವರ ಮುಖದಲ್ಲಿ ಇರುವಂಥ ತಾಳ್ಮೆ ಅದು. ಬೀಗದ ಕೈ ನನ್ನ ಹತ್ರಾನೇ ಇರುತ್ತೆ, ಬಂದು ಬೆಲ್ ಮಾಡಿ, ಎಂದಳು ಅಕ್ಕ, ಅವರಿಗಲ್ಲ, ಅವನಿಗೆ. ಲಿಫ್ಟಿನಲ್ಲಿ ಎರಡು ಸೈಕಲ್ಲು ಒಟ್ಟಿಗೆ ಹಿಡಿಸಲಿಲ್ಲ. ಭಾವನನ್ನು ಮೊದಲು ಕಳಿಸಿ, ಕೆಳಗೆ ತಲುಪುವಷ್ಟರಲ್ಲಿ ಅವರು ಎಲ್ಲಾದರೂ ಹೋಗಿಬಿಡುತ್ತಾರೇನೋ ಎಂದು ತನ್ನ ಸೈಕಲ್ಲನ್ನು ಹೆಗಲಿಗೇರಿಸಿ ಮೆಟ್ಟಿಲಲ್ಲಿ ಓಡುತ್ತ ಇಳಿದ. ಇಳಿಯುವಾಗ, ತನಗೂ ಈ ರೋಗ ಅಂಟಿತಲ್ಲ, ಏನೂ ಆಗಿಲ್ಲದ ಮನುಷ್ಯನನ್ನು ನಾನೂ ಕಾಯತೊಡಗಿದೆನಲ್ಲ, ಎನಿಸಿ ನಾಚಿಕೆಯಾಯಿತು. ಭಾವ ಬಾಗಿಲ ಬಳಿ ಸೈಕಲ್ಲಿನ ಹಿಡಿ ಹಿಡಿದು ನೆಟ್ಟಗೆ ನಿಂತಿದ್ದರು.

ಬಸ್ ಡಿಪೋದ ಹಿಂಭಾಗದಲ್ಲಿ ಡಾಂಬರು ಮುಗಿದು ಜಲ್ಲಿ ಶುರುವಾಗುತ್ತದೆ. ಚಕ್ರದ ಕೆಳಗಿನ ಸದ್ದು ಬದಲಾದ ಕೂಡಲೇ ಅವನ ಮೈ ತಾನಾಗಿ ಸಡಿಲವಾಗುತ್ತಿತ್ತು, ಇವತ್ತು ಆಗಲಿಲ್ಲ. ಈ ದಾರಿಗಳಿಂದ ನಗರ ಬೆನ್ನು ತೋರಿಸಿಕೊಂಡು ನಿಂತಂತೆ ಕಾಣುತ್ತದೆ. ಅಪಾರ್ಟ್‌ಮೆಂಟುಗಳ ಹಿಂಬದಿಯ ಕೊಳವೆಗಳು, ಒಣಹಾಕಿದ ಚಾದರಗಳು, ಕಿಟಕಿಯಲ್ಲಿ ಒಂದು ಕಾಫಿ ಲೋಟ ಹಿಡಿದು ಯಾರಿಗೂ ಕಾಣಿಸುವುದಿಲ್ಲವೆಂದು ನಂಬಿ ನಿಂತ ಹೆಂಗಸು. ಆಮೇಲೆ ಸಸಿಗಳ ನರ್ಸರಿ, ವಿದ್ಯುತ್ ಉಪಕೇಂದ್ರದ ತಂತಿಬೇಲಿ, ಆಮೇಲೆ ಕಾಲುವೆ. ಸಣ್ಣ ಜಲ್ಲಿ ಅಕ್ಕಿ ಹುರಿದ ಹಾಗೆ ಸದ್ದು ಮಾಡುತ್ತದೆ, ದಪ್ಪ ಜಲ್ಲಿ ಹಲ್ಲು ಕಡಿದ ಹಾಗೆ. ಕಣ್ಣು ಮುಚ್ಚಿದರೂ ಎಷ್ಟನೆಯ ಕಿಲೋಮೀಟರಿನಲ್ಲಿದ್ದೇನೆಂದು ಅವನು ಹೇಳಬಲ್ಲ. ಭಾವ ಮುಂದೆ ಹೋಗುತ್ತಿದ್ದರು, ನಿಧಾನಕ್ಕೆ, ಎಡ ಹೆಗಲನ್ನು ಉಳಿಸಿಕೊಂಡು. ಅವನು ಆ ಇಳಿದ ಹೆಗಲನ್ನೇ ನೋಡುತ್ತ ಹಿಂದೆ ಹೋದ. ಅಕ್ಕನ ಮದುವೆಯಾದಾಗ ಅವನಿಗೆ ಒಂಬತ್ತು ವರ್ಷ. ಹೊಸ ಭಾವ ಅವನನ್ನು ಮೇಜಿನ ಮುಂದೆ ಕೂರಿಸಿ, ಅವನ ಮುಷ್ಟಿಯನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು, ಅಳತೆಪಟ್ಟಿ ಇಲ್ಲದೆ ನೇರ ಗೆರೆ ಎಳೆಯುವುದನ್ನು ಕಲಿಸಿದ್ದರು. ಗೆರೆ ಶುರುವಾಗೋ ಜಾಗ ನೋಡಬೇಡ, ಮುಟ್ಟಬೇಕಾದ ಜಾಗ ನೋಡು. ಪುಸ್ತಿಕೆ ಬಂದ ದಿನ ಅವರು ಒಂದೊಂದೇ ಪುಟ ತಿರುವಿ, ಭೂತಗನ್ನಡಿ ತರಿಸಿ ನೋಡಿ, ಗೆರೆ ಚೆನ್ನಾಗಿದೆ ಎಂದಿದ್ದರು. ಅಷ್ಟೇ. ಆ ಎರಡು ಪದಗಳನ್ನು ಅವನು ವಾರಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ.

ಐದು ತಿಂಗಳ ಹಿಂದೆ, ಭಾವ ಬಿದ್ದ ದಿನ, ಆಸ್ಪತ್ರೆಯ ಹಾಸಿಗೆಯ ಪಕ್ಕದ ಕುರ್ಚಿಗೆ ಒಂದು ಕಾಲು ಗಿಡ್ಡ. ಕೂತವನು ಅಲ್ಲಾಡುತ್ತಲೇ ಇರಬೇಕು. ಭಾವನನ್ನು ಅಲ್ಲಿಗೆ ತಂದು ಸೇರಿಸಿದ ಲಾರಿ ಚಾಲಕ, ತಿರುವಿನಲ್ಲಿ ಕಾಣಿಸಲೇ ಇಲ್ಲ ಸ್ವಾಮಿ, ನಾನು ಬ್ರೇಕ್ ಹಾಕಿದೆ, ಅವರು ಚರಂಡಿಗೆ ಇಳಿದ್ರು, ಅಲ್ಲಿ ಸೈಕಲ್‌ನವರು ಬರೋದೇ ಇಲ್ಲ, ಎಂದು ಹತ್ತು ಸಲ ಹೇಳಿ ಹೋಗಿದ್ದ. ಹಣೆಗೆ ಪಟ್ಟಿ ಕಟ್ಟಿಸಿಕೊಂಡ ಭಾವ ಮೇಲಿನ ಫ್ಯಾನು ನೋಡುತ್ತ ಲೆಕ್ಕ ಬಿಡಿಸುವವರಂತೆ ಹೇಳಿದ್ದರು: "ನಕ್ಷೇಲಿ ಹಸಿರು ಗೆರೆ ಇತ್ತು. ಹಸಿರು ಗೆರೆ ಮೇಲೆ ಲಾರಿ ಬರಲ್ಲ. ಲಾರಿ ಬಂತು. ಅಂದ್ಮೇಲೆ ನಾನು ಹಸಿರು ಗೆರೆ ಮೇಲೆ ಇರ್ಲಿಲ್ಲ. ಅಲ್ವೇನೋ?" ಅವನು ಕುರ್ಚಿಯಲ್ಲಿ ಒಮ್ಮೆ ಅಲ್ಲಾಡಿದ. ಅಕ್ಕ ಫೋನಿನಲ್ಲಿ ಜಲ್ಲಿ ಲಾರಿ ಎಂದ ಕ್ಷಣವೇ ಅವನಿಗೆ ಎಲ್ಲ ಗೊತ್ತಾಗಿತ್ತು. ಎರಡು ಭಾನುವಾರಗಳು ಕಣ್ಣ ಮುಂದೆ ಬಂದು ನಿಂತಿದ್ದವು. ಹೇಳಬೇಕಾದ್ದು ಒಂದು ಸಾಲು. ಅದರ ಬದಲು ಬೇರೊಂದು ಹೊರಬಂತು. "ಪಂಪ್‌ಹೌಸ್ ಹತ್ರದ ಆ ಕವಲು ಸ್ವಲ್ಪ ಗೊಂದಲದ್ದೇ, ಭಾವ." ಸುಳ್ಳೂ ಅಲ್ಲ. ಅವನು ಆಮೇಲೆ ಆ ವಾಕ್ಯವನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ಸುಳ್ಳೆಂಬುದು ಒಂದು ಅಕ್ಷರವೂ ಸಿಗಲಿಲ್ಲ. ಗೊಂದಲ ಎಂಬ ಮಾತನ್ನು ಅಕ್ಕ ಹಿಡಿದುಕೊಂಡಳು. ಅಷ್ಟು ಸ್ಪಷ್ಟವಾದ ನಕ್ಷೆ ಕೈಯಲ್ಲಿದ್ದೂ ದಾರಿ ತಪ್ಪಿದರೆಂದರೆ ಏನರ್ಥ? ಅಕ್ಕ ಯೋಚಿಸಿದಳು, ಪಕ್ಕದ ಮನೆಯವರೂ ಸೇರಿ ಯೋಚಿಸಿದರು, ಡಾಕ್ಟರ ಕಿವಿಗೂ ಹಾಕಿದಳು. ಮೊದಲು ಬೀಗದ ಕೈ ಹೋಯಿತು, ಆಮೇಲೆ ಒಲೆ. ಆಮೇಲೆ, ಶನಿವಾರಗಳಂದು ಬಡಾವಣೆಯ ಸಭಾಂಗಣದಲ್ಲಿ ಇಪ್ಪತ್ತು ಮಕ್ಕಳಿಗೆ ಭಾವ ನಡೆಸುತ್ತಿದ್ದ ಚಿತ್ರದ ತರಗತಿ. ಯಾರದೋ ಮಗುವನ್ನು ಎಲ್ಲೋ ಮರೆತು ಬಂದರೆ ಯಾರು ಹೊಣೆ ಎಂದು ಅಕ್ಕನೇ ಹೋಗಿ ನಿಲ್ಲಿಸಿ ಬಂದಳು. ಭಾವ ಒಂದಕ್ಕೂ ಜಗಳವಾಡಲಿಲ್ಲ. ತಮಗೆ ಮರೆವೆಂದು ಉಳಿದವರಿಗಿಂತ ಮೊದಲು ಅವರೇ ಒಪ್ಪಿಕೊಂಡಿದ್ದರು.

ಚರಂಡಿಯಲ್ಲಿ ನೆನೆದು ಹಾಳಾದ ಪುಸ್ತಿಕೆಯ ಬದಲು ಇನ್ನೊಂದು ತಂದುಕೊಡು ಎಂದು ಭಾವ ನಾಲ್ಕು ಸಲ ಕೇಳಿದ್ದರು. ನಾಲ್ಕು ಸಲವೂ ಅವನು ಮರೆತಿದ್ದ. ನೋಡು, ನಿಂಗೂ ಮರೆವು, ಎಂದು ಭಾವ ನಕ್ಕಿದ್ದರು. ಈ ನಡುವೆ ಅವನು ಒಂದು ಸೋಮವಾರ ಕಚೇರಿಗೆ ಹಲ್ಲುನೋವೆಂದು ಹೇಳಿ, ಬಸ್ಸು ಹಿಡಿದು, ನಡೆದು, ಗಣಿಯ ದಾರಿಯ ಪಕ್ಕ ಅರ್ಧ ಗಂಟೆ ನಿಂತು ಬಂದಿದ್ದ. ಹನ್ನೊಂದು ಲಾರಿ. ಹಾಳೆಯಲ್ಲಿ ಬರೆಯಲಿಲ್ಲ. ಬರೆಯದ ಹನ್ನೊಂದು ಮಾತ್ರ ಮನಸ್ಸು ಬಿಟ್ಟು ಹೋಗದೆ, ಹಲ್ಲುನೋವು ನಿಜವಾಗಿಯೂ ಬಂದುಬಿಟ್ಟಿತು. ನಿನ್ನೆ ಫೋನಿನಲ್ಲಿ ಭಾವ, "ನಾಳಿದ್ದು ಡಾಕ್ಟರ ಹತ್ರ ಹೋಗೋ ಮುಂಚೆ ಒಂದ್ಸಲ ಆ ದಾರೀಲಿ ಹೋಗಿ ಬರ್ಬೇಕು ಕಣೋ. ಎಲ್ಲಿ ತಪ್ಪಿದೆ ಅಂತ ಗೊತ್ತಾದ್ರೆ ಅವರಿಗೆ ಹೇಳಬಹುದು. ಈ ಸಲ ಪುಸ್ತಿಕೆ ಮರೀಬೇಡ," ಎಂದಾಗ ಅವನು ಆಯ್ತು ಎಂದ. ಪುಸ್ತಿಕೆ ಈಗ ಅವನ ಬೆನ್ನ ಚೀಲದಲ್ಲಿ ಇತ್ತು, ಜೊತೆಗೆ ಬ್ರೆಡ್ಡು, ಎರಡು ಕಿತ್ತಳೆ, ಅಭ್ಯಾಸಬಲದಿಂದ ಎಣಿಕೆಯ ಹಾಳೆ. ಹೇಳಿಬಿಡುವುದೆಂದು ತೀರ್ಮಾನಿಸಿಕೊಂಡು ಹೊರಟಿದ್ದನೆಂದರೆ ಅದು ಅವನನ್ನು ಹೆಚ್ಚು ಹೊಗಳಿದಂತೆ. ಏನಾದರೂ ಆಗಿ ಹೇಳುವುದು ತಪ್ಪಲಿ ಎಂದೂ ಅವನು ಅಷ್ಟೇ ಶ್ರದ್ಧೆಯಿಂದ ಬಯಸುತ್ತಿದ್ದ. ಚಕ್ರಕ್ಕೆ ಮುಳ್ಳು ಚುಚ್ಚಬಾರದೇ ಎಂದು ದಾರಿಯ ಅಂಚಿನ ಕಡೆಗೆ ನೋಡುತ್ತಿದ್ದ.

ಪಂಪ್‌ಹೌಸಿನ ನೀಲಿ ಬಾಗಿಲ ಎದುರು ಭಾವ ಇಳಿದರು. ಎಡಕ್ಕೆ ಕಾಲುವೆಯ ದಂಡೆ, ಬಲಕ್ಕೆ ಅಗಲವಾದ, ಬಿಳಿ ಜಲ್ಲಿಯ ದಾರಿ. ಅವರು ಕೈ ಚಾಚಿದರು. ಅವನು ಪುಸ್ತಿಕೆ ತೆಗೆದುಕೊಟ್ಟ. ಕನ್ನಡಕ ಹಾಕಿ, ಏಳನೆಯ ದಾರಿಯ ಪುಟ ತೆರೆದು, ಭಾವ ಬೆರಳನ್ನು ಹಸಿರು ಗೆರೆಯ ಮೇಲೆ ಇಟ್ಟು ಬಹಳ ಹೊತ್ತು ನಿಂತರು.

"ಬಲಕ್ಕೆ ಹಾಕಿದೀಯ."

"ಹೌದು, ಭಾವ."

"ನಾನು ಬಲಕ್ಕೇ ಹೋದ ನೆನಪು." ಅವರು ನಕ್ಷೆಯನ್ನೂ ದಾರಿಯನ್ನೂ ಮತ್ತೆ ಹೋಲಿಸಿ ನೋಡಿದರು. ಮುಖ ಒಂದು ಗಳಿಗೆ ಅರಳಿತು. "ಹಾಗಾದ್ರೆ ಇಲ್ಲಿ ತಪ್ಪಿಲ್ಲ ನಾನು. ಮುಂದೆ ಇನ್ನೆಲ್ಲೋ ಕವಲಿರ್ಬೇಕು. ನಡಿ."

ಮುಂದೆ ಕವಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಬರೆದವನೇ ಅವನು. ಆದರೂ ಸೈಕಲ್ಲು ಹತ್ತಿ ಹಿಂದೆ ಹೋದ. ಎರಡೂವರೆ ಕಿಲೋಮೀಟರಿನ ಆ ದಾರಿಯಲ್ಲಿ ಭಾವ ಪ್ರತಿ ಸಂದಿಗೂ ಇಳಿದು ಇಣುಕಿದರು. ದನ ನಡೆದು ಬಿದ್ದ ಜಾಡು, ತಂತಿಬೇಲಿಯ ಗೇಟು, ಮಳೆನೀರು ಕೊರೆದ ಕೊರಕಲು. ಇದಿರಬಹುದಾ? ಇದಲ್ಲ, ಸೈಕಲ್ ಹೋಗಲ್ಲ. ಇದು? ತರಗತಿಯಲ್ಲಿ ಕಳೆದುಹೋದ ರಬ್ಬರನ್ನು ಹುಡುಕುವ ಹುಡುಗನ ಆಸೆ ಅವರ ಕಣ್ಣಲ್ಲಿತ್ತು. ಅವನು ಪಕ್ಕದಲ್ಲಿ ಸೈಕಲ್ಲು ಹಿಡಿದು ನಿಂತು, ಅಲ್ಲ ಅನಿಸುತ್ತೆ ಭಾವ, ಅಲ್ಲ ಅನಿಸುತ್ತೆ, ಎನ್ನುತ್ತ ಬಂದ. ದಾರಿಯಲ್ಲಿ ಒಂದು ಲಾರಿಯೂ ಇರಲಿಲ್ಲ. ಬುಧವಾರ ಹನ್ನೊಂದು ಗಂಟೆಗೆ ದಾರಿ ಭಾನುವಾರದ ಹಾಗೆ ತಣ್ಣಗೆ ಮಲಗಿತ್ತು, ಅವನ ನಕ್ಷೆಯ ಮರ್ಯಾದೆ ಕಾಯಲು ಪಣತೊಟ್ಟಂತೆ. ತಿರುವು ಬಂತು. ತಿರುವಿನ ಬಲಕ್ಕೆ ಚರಂಡಿ, ಚರಂಡಿಯ ಆಚೆ ಧೂಳು ಮೆತ್ತಿ ಬೆಳ್ಳಗಾದ ಪೊದೆ, ಈಚೆ ಮುರಿದು ಬಿದ್ದ ಒಂದು ಸಿಮೆಂಟ್ ಕಂಬ. ಭಾವ ನಿಂತರು. ಕಂಬವನ್ನು ಮುಟ್ಟಿದರು. ಚರಂಡಿಯೊಳಗೆ ನೋಡಿದರು. ಎಡ ಹೆಗಲು ತಾನಾಗಿ ಇನ್ನಷ್ಟು ಇಳಿಯಿತು.

"ಇಲ್ಲೇ ಬಿದ್ದಿದ್ದು," ಅಂದರು. "ಈ ಕಂಬ ನೆನಪಿದೆ. ಮಲಗಿದ್ದಾಗ ಕಣ್ಣ ಮುಂದೆ ಇದೇ ಇತ್ತು." ಪುಸ್ತಿಕೆ ತೆರೆದರು. ತಿರುವು, ಅದರ ಮೇಲೆ ಹಾಯ್ದ ಹಸಿರು ಗೆರೆ. ಅವರ ತುಟಿ ಅಲ್ಲಾಡಿತು. ಲೆಕ್ಕ ಮತ್ತೊಮ್ಮೆ ನಡೆಯಿತು. ಆಮೇಲೆ ಬಹಳ ಮೃದುವಾಗಿ, ಯಾರಿಗೋ ಸಾವಿನ ಸುದ್ದಿ ಹೇಳುವವರ ಹಾಗೆ, "ಇಲ್ಲ. ಇಲ್ಲಿರಲಿಕ್ಕೆ ಸಾಧ್ಯ ಇಲ್ಲ. ಇದು ಹಸಿರು ಗೆರೆ. ನೋಡಿದ್ಯಾ, ಬಿದ್ದ ಜಾಗಾನೂ ಬೇರೆ ಎಲ್ಲಿಂದಲೋ ತಂದು ಸೇರಿಸ್ಕೊಂಡಿದೆ ತಲೆ. ನಾಳೆ ಡಾಕ್ಟರಿಗೆ ಹೇಳ್ಬೇಕು ಇದನ್ನ," ಅಂದರು.

ಸಿಮೆಂಟಿನ ಕಂಬ ಕೈಗೆ ತಾಗುತ್ತಿದ್ದರೂ ಕಾಗದದ ಗೆರೆಯನ್ನು ನಂಬುವ ಮನುಷ್ಯ. ಅದೂ ತಾನೆಳೆದ ಗೆರೆ.

"ಭಾವ, ಬಿದ್ದಿದ್ದು ಇಲ್ಲೇ. ನೀವು ಸರಿಯಾದ ದಾರೀಲೇ ಬಂದ್ರಿ. ನಕ್ಷೆ ತಪ್ಪು. ಬೇರೆ ಬೇರೆ ಎರಡು ದಿನ ಎಣಿಸ್ಬೇಕು ಅಂತ ರೂಲು. ನಾನು ಎಣಿಸಿದ್ದು ಎರಡು ಭಾನುವಾರ. ವಾರದಲ್ಲಿ ಇಲ್ಲಿ ಗಣಿ ಲಾರಿ ಓಡುತ್ತೆ."

ಐದು ತಿಂಗಳು ಹೊತ್ತ ಮಾತು ಇಷ್ಟು ಗಿಡ್ಡವೇ ಎಂದು ಅವನಿಗೇ ಆಶ್ಚರ್ಯವಾಯಿತು. ಭಾವ ಕನ್ನಡಕದ ಮೇಲಿಂದ ಅವನನ್ನು ನೋಡಿ, ಮುಗುಳ್ನಕ್ಕು, ಅವನ ಬೆನ್ನು ತಟ್ಟಿದರು.

"ನೀನು ಚಿಕ್ಕವನಿದ್ದಾಗ್ಲೂ ಹೀಗೇ. ನನ್ನ ಕೈಯಿಂದ ಶಾಯಿ ಬುಡ್ಡಿ ಬಿದ್ದು ನಿಮ್ಮಕ್ಕನ ಹೊಸ ಚಾದರ ಹಾಳಾದಾಗ, ನಾನೇ ಬೀಳಿಸಿದೆ ಅಂತ ನೀನು ಮುಂದೆ ಬಂದು ನಿಂತಿದ್ದೆ. ನೆನಪಿದೆಯಾ?"

"ನೆನಪಿದೆ. ಆದ್ರೆ ಇದು ಹಾಗಲ್ಲ, ಭಾವ."

"ನೋಡು, ಅಂಥಾದ್ದೆಲ್ಲ ನಂಗೂ ನೆನಪಿರುತ್ತೆ. ಇತ್ತೀಚಿನದು ಮಾತ್ರ ನಿಲ್ಲಲ್ಲ. ಈ ರೋಗದ ಲಕ್ಷಣಾನೇ ಅದಂತೆ." ಅವರು ಪುಸ್ತಿಕೆಯನ್ನು ಜೋಪಾನವಾಗಿ ಮುಚ್ಚಿದರು. "ನನ್ನ ಸಮಾಧಾನಕ್ಕೆ ಅಂತ ನಿನ್ನ ಕೆಲಸಕ್ಕೆ ನೀನೇ ಮಸಿ ಬಳ್ಕೋಬೇಡ."

ಒಂಬತ್ತು ವರ್ಷದವನು ಆಡಿದ ಒಂದು ಸುಳ್ಳು ಇಷ್ಟು ವರ್ಷ ಕಾದಿದ್ದು ಇಂದು ಅವನ ಮುಖಕ್ಕೆ ಹೊಡೆಯಿತು. ಏನು ಹೇಳಿದರೂ ಅದು ಒಳ್ಳೆಯತನವಾಗಿಯೇ ಕೇಳಿಸುವುದಾದರೆ ಹೇಳಿ ಏನು ಫಲ? ಅವನು ಚೀಲದಿಂದ ಎಣಿಕೆಯ ಹಾಳೆ, ಪೆನ್ಸಿಲು ತೆಗೆದ. ಅರ್ಧ ಗಂಟೆ ಕೂರೋಣ ಭಾವ, ನೀವೇ ಎಣಿಸಿ, ಅಂದ. ದಾರಿಯಿಂದ ಸರಿದು, ಮುರಿದ ಕಂಬದ ಮೇಲೆ ಇಬ್ಬರೂ ಕೂತರು. ಹನ್ನೊಂದೂ ಹತ್ತು. ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಹನ್ನೊಂದೂ ಕಾಲು. ಅವನು ಕಿತ್ತಳೆ ಸುಲಿದು ಅರ್ಧ ಕೊಟ್ಟ. ಅದೇ ಜಾಗ, ಅದೇ ಹಣ್ಣು. ಭಾನುವಾರಗಳಂದು ಇಲ್ಲಿ ಕೂತು ವಾಹನ ಬಾರದಿರಲಿ, ಬಂದರೆ ಹಸಿರು ಹೋಗುತ್ತದೆ, ಎಂದು ಉಸಿರು ಬಿಗಿಹಿಡಿದಿದ್ದವನು ಈಗ ಒಂದೇ ಒಂದು ಲಾರಿ ಬರಲಿ ಎಂದು ಹಲ್ಲು ಕಚ್ಚಿ ಕಾಯುತ್ತಿದ್ದ. ಹನ್ನೊಂದೂವರೆ. ಒಂದು ಸೈಕಲ್ಲೂ ಇಲ್ಲ. ಗಣಿ ಮುಚ್ಚಿತೇ? ಇವತ್ತು ಏನಾದರೂ ರಜೆಯೇ? ಆ ಸೋಮವಾರ ತಾನು ನೋಡಿದ ಹನ್ನೊಂದು ಲಾರಿ ನಿಜವೇ, ಅಥವಾ ಅದನ್ನೂ ತಲೆ ಎಲ್ಲಿಂದಲೋ ತಂದು ಸೇರಿಸಿತೇ? ಇಪ್ಪತ್ತೈದು ನಿಮಿಷ ಕೂತದ್ದಕ್ಕೇ ಅವನಿಗೆ ತನ್ನ ನೆನಪಿನ ಮೇಲೆ ಅನುಮಾನ ಬಂತು. ಭಾವ ಐದು ತಿಂಗಳು ಹೀಗೆ ಕೂತಿದ್ದರು.

"ಹೋಗೋಣ ಬಿಡೋ," ಭಾವ ಎದ್ದರು. "ನಿನ್ನ ನಕ್ಷೆ ಸರಿಯಾಗಿದೆ."

ಆಗ ಮೊದಲು ಅಂಗಾಲಿಗೆ ಗೊತ್ತಾಯಿತು. ಜಲ್ಲಿ ಸಣ್ಣಗೆ ನಡುಗಿತು. ಆಮೇಲೆ ಸದ್ದು, ಆಮೇಲೆ ತಿರುವಿನ ಆಚೆ ಎದ್ದ ಧೂಳು, ಧೂಳಿನೊಳಗಿಂದ ಮೂತಿ ತೋರಿದ ಕಿತ್ತಳೆ ಬಣ್ಣದ ಲಾರಿ. ಕಂಬದ ಬಳಿ ನಿಂತ ಇಬ್ಬರನ್ನೂ ಎರಡು ಸೈಕಲ್ಲುಗಳನ್ನೂ ಕಂಡ ಚಾಲಕ ನಿಧಾನಿಸಿ, ಕಿಟಕಿಯಿಂದ ತಲೆ ಹೊರಹಾಕಿದ.

"ಇಲ್ಲಿ ಯಾಕೆ ನಿಂತಿದೀರಿ ಯಜಮಾನ್ರೇ? ಹಿಂದೆ ಸಾಲಾಗಿ ಬರ್ತಿವೆ. ಟೀ ಕುಡಿಯೋಕೆ ನಿಲ್ಸಿದ್ವಿ ಈಗ."

ಭಾವ ಒಂದು ಹೆಜ್ಜೆ ಮುಂದೆ ಇಟ್ಟರು. ಮೇಷ್ಟ್ರ ದನಿ ಎಲ್ಲಿತ್ತೋ, ಬಂತು. "ದಿನಾ ಓಡಾಡುತ್ತಾ ಇಲ್ಲಿ?"

"ದಿನಾ. ನಾನು ಬಂದೇ ಒಂಬತ್ತು ವರ್ಷ ಆಯ್ತು."

"ಭಾನುವಾರ?"

"ಭಾನುವಾರ ರಜ ಅಲ್ವಾ ನಮಗೆ," ಎಂದು ಚಾಲಕ ಗೇರು ಬದಲಿಸಿ ಹೋದ.

ಭಾವ ಕಂಬದ ಮೇಲೆ ಮತ್ತೆ ಕೂತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗೆರೆ ಎಳೆದರು. ಅಳತೆಪಟ್ಟಿ ಇಲ್ಲದ, ನೆಟ್ಟಗಿನ ಗೆರೆ. ಎರಡನೆಯದು. ಮೂರು, ನಾಲ್ಕು, ಐದನೆಯದಕ್ಕೆ ಅಡ್ಡ. ಮುಖದ ಮೇಲೆ, ಹುಬ್ಬಿನ ಮೇಲೆ ಧೂಳು ಕೂತರೂ ಒರೆಸಿಕೊಳ್ಳಲಿಲ್ಲ. ಒಂಬತ್ತು ಲಾರಿ ಹಾದ ಮೇಲೆ ದಾರಿ ಮತ್ತೆ ಖಾಲಿಯಾಯಿತು. ಹಾಳೆಯ ತಲೆಯಲ್ಲಿ 'ವಾರ' ಎಂಬ ಖಾಲಿ ಜಾಗವಿತ್ತು, ಅವನು ಎಂದೂ ತುಂಬದೆ ಬಿಡುತ್ತಿದ್ದ ಜಾಗ. ಭಾವ ಅಲ್ಲಿ ಬುಧವಾರ ಎಂದು ದುಂಡಗೆ ಬರೆದರು.

"ಉಳಿದ ಹನ್ನೊಂದು ದಾರಿ?" ತಲೆ ಎತ್ತದೆ ಕೇಳಿದರು.

"ಎಲ್ಲಾ ಭಾನುವಾರಾನೇ, ಭಾವ."

"ಎರಡನೇ ಮುದ್ರಣ ಅಂತಿದ್ದೆ."

"ನಿಲ್ಲಿಸೋಕೆ ಹೇಳ್ತೀನಿ."

"ಯಾವಾಗ ಗೊತ್ತಾಯ್ತು ನಿಂಗೆ ಇದು?"

ಇವತ್ತು ಎನ್ನಬಹುದಿತ್ತು. "ಅವತ್ತೇ. ಅಕ್ಕ ಫೋನ್ ಮಾಡಿ ಜಲ್ಲಿ ಲಾರಿ ಅಂದಾಗ್ಲೇ," ಅಂದ.

ಭಾವ ಪೆನ್ಸಿಲನ್ನು ಹಾಳೆಯ ಮೇಲೆ ಇಟ್ಟರು. ಅವರು ಬೈಯಲಿ ಎಂದು ಅವನು ಕಾದ. ಬೈದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

"ದಿನಾ ಬೆಳಿಗ್ಗೆ ಬಾತ್‌ರೂಮಿನ ಬಾಗಿಲು ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಕೋತೀನಿ," ಅಂದರು ಭಾವ, ಯಾವ ಏರಿಳಿತವೂ ಇಲ್ಲದೆ. "ಸೋಮವಾರ, ಮಂಗಳವಾರ, ಬುಧವಾರ ಅಂತ ಹೇಳ್ಕೋತೀನಿ. ಆಮೇಲೆ ಹಿಂದಿನಿಂದ ಮುಂದಕ್ಕೆ. ಆಮೇಲೆ ತಿಂಗಳು. ನಿಮ್ಮಕ್ಕನಿಗೆ ಕೇಳಿಸಬಾರ್ದು ಅಂತ ನಲ್ಲಿ ಬಿಟ್ಟಿರ್ತೀನಿ. ಎಲ್ಲಾ ಸರಿಯಾಗಿ ಬಂದ್ರೆ ಎಷ್ಟು ಖುಷಿ ಆಗುತ್ತೆ ಗೊತ್ತಾ, ಆ ಖುಷೀಲಿ ನಲ್ಲಿ ನಿಲ್ಲಿಸೋದೇ ಮರೆತು ಬಂದಿದೀನಿ ಎರಡು ಸಲ. ಐದು ತಿಂಗಳು."

ಅವನಿಗೆ ಅವರ ಕಾಲು ಹಿಡಿಯಬೇಕೆನಿಸಿತು, ಎದ್ದು ಓಡಬೇಕೆನಿಸಿತು. ಎರಡನ್ನೂ ಮಾಡದೆ ಕಿತ್ತಳೆಯ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಸುಕುತ್ತ ಕೂತಿದ್ದ. ತಪ್ಪಾಯಿತು ಎಂಬ ಮಾತು ಬಾಯಿಗೆ ಬಂತು, ಹೊರಗೆ ಬಿದ್ದಾಗ ಅದರ ದನಿ ಅವನಿಗೇ ಸೇರಲಿಲ್ಲ. ಭಾವ ಎದ್ದು ನಿಂತು, ಅಂಗಿಯ ಜೇಬಿನ ಗುಂಡಿ ಬಿಚ್ಚಿ, ಅಕ್ಕ ಇಟ್ಟಿದ್ದ ಕಾರ್ಡನ್ನು ತೆಗೆದು ಅವನ ಮುಂದೆ ಹಿಡಿದರು.

"ಈ ನಂಬರಿಗೆ ಮಾಡು. ನಾನು ಹೇಳಿದ್ರೆ ಅವಳು ನಂಬಲ್ಲ. ನೀನೇ ಹೇಳ್ಬೇಕು."

ಆ ನಂಬರು ಅವನಿಗೆ ಬಾಯಿಪಾಠ. ಆದರೂ ಕಾರ್ಡು ತೆಗೆದುಕೊಂಡ. ಭಾವ ಪುಸ್ತಿಕೆಯನ್ನು ಅವನ ಚೀಲದ ಮೇಲಿಟ್ಟು, ಎಣಿಕೆಯ ಹಾಳೆಯನ್ನು ಮಾತ್ರ ನಾಲ್ಕಾಗಿ ಮಡಿಸಿ, ಕಾರ್ಡು ಇದ್ದ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಸೈಕಲ್ಲು ಹತ್ತಿದರು. ಬಾ ಎನ್ನಲಿಲ್ಲ, ಹಿಂತಿರುಗಿ ನೋಡಲಿಲ್ಲ. ನಕ್ಷೆಗಾರ ಎಂದೂ ಕರೆಯಲಿಲ್ಲ. ಇಳಿದ ಹೆಗಲು, ಬಿಳಿ ಧೂಳು ಮೆತ್ತಿದ ಬೆನ್ನು, ದಾರಿಯ ಎಡ ಅಂಚು ಹಿಡಿದು, ತಿರುವಿನಲ್ಲಿ ಬೆಲ್ಲು ಬಾರಿಸಿ, ಆಚೆಗೆ ಮರೆಯಾಯಿತು.

ಎರಡು ಸಲ ರಿಂಗಾಗುವಷ್ಟರಲ್ಲಿ ಅಕ್ಕ ಎತ್ತಿದಳು. ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳೆಂದು ಕಾಣುತ್ತದೆ.

"ಏನಾಯ್ತೋ? ಎಲ್ಲಿ ಅವರು?"

"ಮುಂದೆ ಹೋದ್ರು, ಅಕ್ಕ."

"ಒಬ್ಬರನ್ನೇ ಬಿಟ್ಯಾ? ನಿಂಗೆ ಏನು ಹೇಳಿದ್ದೆ ನಾನು? ಅವರಿಗೆ ದಾರಿ ಗೊತ್ತಾಗುತ್ತೇನೋ?"

"ಗೊತ್ತಾಗುತ್ತೆ, ಅಕ್ಕ," ಅಂದ ಅವನು. "ಅವತ್ತೂ ಗೊತ್ತಿತ್ತು."

ಅವನು ಭಾನುವಾರದಿಂದ ಹೇಳಲು ಶುರುಮಾಡಿದ.